ಬಚ್ಚಲ ಹೊತ್ತು: ಮೈಗೆ ಹತ್ತಿದ ಉಣುಗನ್ನು ಬಿಡಿಸುವ ಬಗೆ



ತಮ್ಮ ತಾಯಿಯ ನೆನಪಿಗೆ ಈ ದತ್ತಿ ಉಪನ್ಯಾಸ ಇಟ್ಟವರು ನನ್ನನ್ನು ಕರೆಯಲು ಮನೆಗೆ ಬಂದಿದ್ದರು. ಯಾವ ವಿಷಯ ಮಾತಾಡಲಿ ಎಂದು ಕೇಳಿದೆ. "ಯಾವುದಾದರೂ ಆಗಬಹುದು ಡಾಕ್ಟ್ರೇ. ಕೇಳಿದವರು ಅದೇ ಸಂಜೆ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ ಅದರಲ್ಲಿ ಇರಲಿ, ಅಷ್ಟು ಸಾಕು" ಎಂದರು. ಮಲೆನಾಡಿನ ಸಣ್ಣ ಆಸ್ಪತ್ರೆಗಳಲ್ಲೇ ವೃತ್ತಿಜೀವನ ಕಳೆದ ನನಗೆ ಆ ಮಾತು ಕೇಳಿದ ಕ್ಷಣ ಹೊಳೆದದ್ದು ಇದೇ: ಮೈಗೆ ಹತ್ತಿದ ಉಣುಗನ್ನು ಸರಿಯಾಗಿ ಬಿಡಿಸುವುದು ಹೇಗೆ?

ನಾವು ಉಣುಗು ಅನ್ನುತ್ತೇವೆ. ಬಯಲುಸೀಮೆಯಲ್ಲಿ ಉಣ್ಣೆ ಅಂತಲೂ ಉಣ್ಣಿ ಅಂತಲೂ ಕರೆಯುತ್ತಾರೆ. ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ ದಿನವೂ ನೋಡುವ ಜೀವ. ಇದಕ್ಕೊಂದು ಉಪನ್ಯಾಸ ಬೇಕೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಬೇಕು ಎಂಬುದಕ್ಕೆ ಕಾರಣ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನನ್ನು ಅವನ ತಾಯಿ ಕರೆತಂದಿದ್ದರು. ಕಿವಿಯ ಹಿಂದೆ ಸಾಸಿವೆ ಕಾಳಿನಷ್ಟು ಉಣುಗು. ಹೊರಗೆ ಸಾಲು ನಿಂತಿತ್ತು, ನನಗೆ ಆತುರ. ಹಿಡಿದು ಎಳೆದುಬಿಟ್ಟೆ. ಹೊಟ್ಟೆ ನನ್ನ ಕೈಗೆ ಬಂತು, ಬಾಯಿ ಚರ್ಮದಲ್ಲೇ ಉಳಿಯಿತು. ಅದನ್ನು ತೆಗೆಯಲು ಸೂಜಿಯಿಂದ ಕೆದಕಿದೆ. ನಾಲ್ಕು ದಿನಕ್ಕೆ ಕಿವಿ ಬಾತು ಕೀವಾಗಿ ಆ ಮಗು ಮತ್ತೆ ಬಂತು. ಉಣುಗಿಗಿಂತ ಹೆಚ್ಚು ನೋವು ಕೊಟ್ಟವನು ನಾನು. ವೈದ್ಯಕೀಯ ಓದಿದವನಿಗೇ ತಿಳಿಯದಿದ್ದ ಈ ಸಣ್ಣ ವಿದ್ಯೆಯನ್ನು ಕಾಡಿನ ಅಂಚಿನ ಪ್ರತಿ ಮನೆಗೂ ಮುಟ್ಟಿಸಬೇಕು ಎಂದು ಅಂದೇ ಅನ್ನಿಸಿತ್ತು.

ಕ್ಯಾಸನೂರಿನಿಂದ ಇಲ್ಲಿಯವರೆಗೆ

ಉಣುಗನ್ನು ಬಿಡಿಸುವುದು ನಮ್ಮ ಕಡೆ ಇಷ್ಟು ಮುಖ್ಯ ಏಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ಕೆಟ್ಟ ಜ್ವರದಿಂದ ಮಲಗಿದರು. ಮಂಗ ಸಾಯುವುದು, ಮನುಷ್ಯರಿಗೆ ಜ್ವರ ಬರುವುದು, ಇವೆರಡೂ ಒಟ್ಟೊಟ್ಟಿಗೆ ನಡೆದದ್ದು ಕಂಡು ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಇಂಡಿಯಾಕ್ಕೂ ಬಂದುಬಿಟ್ಟಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಬಂದರು. ಸತ್ತ ಮಂಗದ ದೇಹದಿಂದ ಅವರು ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಾಣುವಿಗೆ ಹತ್ತಿರದ ನೆಂಟನಾದ ಹೊಸ ವೈರಾಣು ಅದು. ಅದಕ್ಕೆ ಊರಿನ ಹೆಸರೇ ನಿಂತಿತು: ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಅಷ್ಟು ದೂರದ ವೈರಾಣುವಿನ ನೆಂಟ ಸೊರಬದ ಕಾಡಿಗೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳು ತಂದಿರಬಹುದೇ ಎಂಬ ಅನುಮಾನ ಆಗ ಮೂಡಿತು. ಪಕ್ಷಿತಜ್ಞ ಸಲೀಂ ಅಲಿಯವರು ಮುಂದೆ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನ ಕೈಗೊಳ್ಳಲು ಈ ಪ್ರಶ್ನೆಯೂ ಒಂದು ಪ್ರೇರಣೆಯಾಯಿತು. ನಮ್ಮೂರಿನ ಒಂದು ಉಣುಗು ಎಷ್ಟು ದೊಡ್ಡ ವಿಜ್ಞಾನಕ್ಕೆ ದಾರಿ ಮಾಡಿತು ನೋಡಿ.

ಹೆಸರಿನಲ್ಲಿ ಮಂಗ ಇದ್ದರೂ ಈ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ ಇದರಲ್ಲಿ ಮುಖ್ಯವಾದದ್ದು. ಕರಿಮೋರೆಯ ಮುಸಿಯ, ಕೆಂಪುಮೋರೆಯ ಮಂಗ ಎರಡೂ ನಮ್ಮ ಹಾಗೆಯೇ ಇದರ ಬಲಿಗಳು. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ. ಆದ್ದರಿಂದಲೇ ಸತ್ತ ಮಂಗದ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಕೂಡಲೇ ಆರೋಗ್ಯ ಕೇಂದ್ರಕ್ಕೋ ಪಂಚಾಯ್ತಿಗೋ ಅರಣ್ಯ ಇಲಾಖೆಗೋ ತಿಳಿಸಿ ಎಂದು ಹೇಳುವುದು. ಕಾಯಿಲೆ ಬಿದ್ದ ಮನುಷ್ಯರಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಜ್ವರದವರನ್ನು ದೂರ ಇಡಬೇಡಿ, ಹತ್ತಿರ ಕುಳಿತು ಗಂಜಿ ಕುಡಿಸಿ.

ಶಿವಮೊಗ್ಗದ ಗಡಿಯೊಳಗೆ ಈ ಕಾಯಿಲೆ ನಿಲ್ಲಲಿಲ್ಲ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಜಾಗದ ಆಸುಪಾಸಿನಲ್ಲಿ ಭೀಕರವಾಗಿ ಕಾಣಿಸಿಕೊಂಡಿತು. 2012ರ ಕೊನೆಗೆ ಬಂಡೀಪುರದ ಕಡೆ, ಆಮೇಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಸರಿದಿದೆ. ಸಾಗರ ತಾಲ್ಲೂಕಿನ ಅರಳಗೋಡಿನ ಮನೆಗಳು 2019ರ ಬೇಸಿಗೆಯನ್ನು ಇನ್ನೂ ಮರೆತಿಲ್ಲ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಉಳಿದವರಿಗೂ ಮೈಯ ಶಕ್ತಿ ಮರಳಲು ವಾರಗಟ್ಟಲೆ ಬೇಕು. ದಿನಗೂಲಿಯ ಮನೆಯಲ್ಲಿ ಆ ವಾರಗಳ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅದು ಹೇಗೆ ಅಂಟಿಕೊಳ್ಳುತ್ತದೆ

ಬಿಡಿಸುವ ಮೊದಲು ಅದು ಹಿಡಿದುಕೊಳ್ಳುವ ಬಗೆ ಗೊತ್ತಿರಬೇಕು. ಉಣುಗು ಹುಳುವಿನ ಜಾತಿಯಲ್ಲ, ಜೇಡ, ಚೇಳುಗಳ ಬಳಗದ್ದು. ಮೊಟ್ಟೆಯಿಂದ ಹೊರಬಂದ ಎಳೆಮರಿಗೆ ಆರು ಕಾಲು. ಅದು ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ಎಂಟು ಕಾಲಿನ ಮರಿಯಾಗುತ್ತದೆ. ಮರಿ ಇನ್ನೊಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ಬೆಳೆದ ಉಣುಗು. ಮೂರು ಹಂತ, ಪ್ರತಿ ಹಂತಕ್ಕೂ ಬೇರೆ ಬೇರೆ ಪ್ರಾಣಿಯ ಮೈ. ಎಳೆಮರಿ, ಮರಿಗಳಿಗೆ ಇಲಿ, ಹಕ್ಕಿ, ಮಂಗ, ಅಕಸ್ಮಾತ್ ಮನುಷ್ಯ. ಬೆಳೆದವಕ್ಕೆ ಹೆಚ್ಚಾಗಿ ದನ ಮತ್ತು ಕಾಡಿನ ದೊಡ್ಡ ಪ್ರಾಣಿಗಳು. ಒಂದು ಹಂತದಲ್ಲಿ ವೈರಾಣು ಒಳಗೆ ಹೋದರೆ ಮುಂದಿನ ಹಂತಕ್ಕೂ ಅದು ಜೊತೆಗೇ ಹೋಗುತ್ತದೆ.

ನಮಗೆ ಅಪಾಯ ತರುವುದು ಮುಖ್ಯವಾಗಿ ನಡುವಿನ ಹಂತದ ಮರಿ. ಮಳೆ ಮುಗಿದು ಕಾಡು ಒಣಗುವ ನವೆಂಬರ್, ಡಿಸೆಂಬರಿನಿಂದ ಮುಂಗಾರು ಶುರುವಾಗುವವರೆಗೆ ಈ ಮರಿಗಳು ತರಗೆಲೆಯಲ್ಲಿ ತುಂಬಿರುತ್ತವೆ. ದನದ ಕಿವಿಯ ಉಬ್ಬಿದ ಉಣುಗನ್ನು ನೋಡಿ ಅಭ್ಯಾಸವಾದ ನಮ್ಮ ಕಣ್ಣಿಗೆ ಇದು ಒಂದು ಮಚ್ಚೆಯಂತೆ, ಮಣ್ಣಿನ ಕಣದಂತೆ ಕಾಣುತ್ತದೆ. "ಉಣುಗು ಹತ್ತಿತ್ತಾ?" ಎಂದು ಕೇಳಿದರೆ ಕಾಯಿಲೆಯವರು ಎಷ್ಟೋ ಸಲ "ಇಲ್ಲ" ಎನ್ನುವುದು ಸುಳ್ಳು ಹೇಳಬೇಕೆಂದಲ್ಲ, ಅವರ ಕಣ್ಣಿಗೆ ಅದು ಬಿದ್ದೇ ಇರುವುದಿಲ್ಲ.

ಉಣುಗು ಹಾರುವುದಿಲ್ಲ, ಜಿಗಿಯುವುದಿಲ್ಲ. ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಹತ್ತಿ ಮುಂಗಾಲು ಚಾಚಿಕೊಂಡು ಕಾಯುತ್ತದೆ. ಆ ಮುಂಗಾಲಿನಲ್ಲೇ ನಮ್ಮ ಉಸಿರು, ಮೈಯ ಬಿಸಿ, ವಾಸನೆಗಳನ್ನು ತಿಳಿಯುವ ಅಂಗ ಇದೆ. ನಾವು ಸವರಿಕೊಂಡು ಹೋದರೆ ಹತ್ತಿಕೊಂಡು, ಮೆತ್ತನೆಯ ಜಾಗ ಹುಡುಕುತ್ತಾ ಮೇಲೇರುತ್ತದೆ. ಜಾಗ ಸಿಕ್ಕಿತು ಎನ್ನಿ, ಕತ್ತರಿಯಂಥ ಎರಡು ಅಲಗುಗಳಿಂದ ಚರ್ಮ ಸೀಳಿ, ನಡುವಿನ ಕೊಳವೆಯಂಥ ಬಾಯಿಯನ್ನು ಒಳಗಿಳಿಸುತ್ತದೆ. ಆ ಬಾಯಿಯ ಮೇಲೆ ಹಿಮ್ಮುಖವಾದ ಮುಳ್ಳುಗಳಿವೆ. ಗಾಳದ ಕೊಕ್ಕೆ ಮೀನಿನ ಬಾಯಲ್ಲಿ ಹೇಗೆ ನಿಲ್ಲುತ್ತದೋ ಹಾಗೆ ಅವು ನಿಲ್ಲುತ್ತವೆ. ಅಷ್ಟು ಸಾಲದು ಎಂಬಂತೆ ಎಂಜಲಿನಿಂದ ಒಂದು ಅಂಟು ಸುರಿಸುತ್ತದೆ, ಅದು ಗಾರೆಯ ಹಾಗೆ ಬಾಯಿಯ ಸುತ್ತ ಗಟ್ಟಿಯಾಗುತ್ತದೆ. ನೋವು ತಿಳಿಯದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುಗಳೂ ಆ ಎಂಜಲಿನಲ್ಲಿವೆ. ಹೀಗೆ ಕುಳಿತು ದಿನಗಟ್ಟಲೆ ರಕ್ತ ಹೀರುತ್ತದೆ.

ಎಂಜಲಿನ ಮಾತನ್ನು ನೆನಪಿಟ್ಟುಕೊಳ್ಳಿ. ವೈರಾಣು ದಾಟುವುದು ಅದರಲ್ಲೇ. ಇವತ್ತು ನಾನು ಹೇಳುವ ಎಲ್ಲ ನಿಯಮಗಳ ಹಿಂದೆ ಇರುವುದು ಒಂದೇ ಲೆಕ್ಕ: ಉಣುಗಿನ ಒಳಗಿರುವುದು ನಮ್ಮ ಒಳಗೆ ಸುರಿಯದಂತೆ ಅದನ್ನು ಹೊರಗೆ ತೆಗೆಯಬೇಕು.

ಬೀಡಿಯ ಕೆಂಡ, ಸೀಮೆಎಣ್ಣೆ, ಸುಣ್ಣ

ನನ್ನ ಮುಂದೆ ಕುಳಿತ ಎಷ್ಟೋ ಜನರ ಕಾಲಿನ ಮೇಲೆ ದುಂಡನೆಯ ಸುಟ್ಟ ಗುರುತು ಕಂಡಿದ್ದೇನೆ. ಉಣುಗಿನ ಬೆನ್ನಿಗೆ ಬೀಡಿಯ ಕೆಂಡ ತಾಗಿಸಿದ ಗುರುತು. ಕೆಲವರು ಸೀಮೆಎಣ್ಣೆ ಹಚ್ಚುತ್ತಾರೆ, ಕೆಲವರು ಸುಣ್ಣ, ಕೆಲವರು ಹೊಗೆಸೊಪ್ಪಿನ ರಸ. ಪೇಟೆಯ ಮನೆಗಳಲ್ಲಿ ವ್ಯಾಸಲೀನ್, ಉಗುರಿನ ಬಣ್ಣ. ಉಸಿರು ಕಟ್ಟಿದರೆ, ಬಿಸಿ ತಾಗಿದರೆ ತಾನಾಗಿಯೇ ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ಈ ನಂಬಿಕೆ ನಮ್ಮೊಬ್ಬರದ್ದಲ್ಲ, ಉಣುಗು ಇರುವ ದೇಶಗಳಲ್ಲೆಲ್ಲ ಇದೆ.

ಅಮೆರಿಕದ ಒಹಾಯೋದಲ್ಲಿ ಗ್ಲೆನ್ ನೀಡಮ್ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಚ್ಚಿ ಕುಳಿತ ಉಣುಗುಗಳಿಗೆ ವ್ಯಾಸಲೀನ್, ಉಗುರಿನ ಬಣ್ಣ, ಸ್ಪಿರಿಟ್, ಬೆಂಕಿಕಡ್ಡಿಯ ಬಿಸಿ ಒಂದೊಂದನ್ನೂ ಪ್ರಯೋಗಿಸಿದರು. ಯಾವುದಕ್ಕೂ ಉಣುಗು ಹಿಡಿತ ಬಿಡಲಿಲ್ಲ. ಅದು ಹೇಗೆ ಬಿಟ್ಟೀತು? ತಾನೇ ಗಾರೆ ಹಾಕಿ ಕೂತ ಬಾಯಿಯನ್ನು ಬೇಕೆಂದಾಗ ತಕ್ಷಣ ಕಿತ್ತುಕೊಳ್ಳುವುದು ಅದಕ್ಕೂ ಆಗದ ಕೆಲಸ. ಉಸಿರಾಟವೂ ಅಷ್ಟೆ, ನಮ್ಮಂತೆ ನಿಮಿಷಕ್ಕೆ ಇಷ್ಟು ಸಲ ಎಂಬ ಅಗತ್ಯ ಅದಕ್ಕಿಲ್ಲ. ವ್ಯಾಸಲೀನ್ ಬಳಿದು ಅದು ಸಾಯಲಿ ಎಂದು ಕಾಯುವ ಹೊತ್ತೆಲ್ಲ ಅದು ಕಚ್ಚಿಕೊಂಡಿರುವ ಹೊತ್ತೇ.

ಬಿಸಿಗೆ, ಸೀಮೆಎಣ್ಣೆಗೆ ಉಣುಗು ಕಂಗೆಟ್ಟರೆ ಒಳಗಿನ ದ್ರವವನ್ನು ಗಾಯದೊಳಕ್ಕೇ ಕಕ್ಕುವ ಭಯವಿದೆ. ಬೆರಳಿನಲ್ಲಿ ಹೊಟ್ಟೆ ಹಿಡಿದು ಹಿಂಡಿದರೂ ಅದೇ. ಉಗುರಿನ ಮೇಲೆ ಇಟ್ಟು ಪಟ್ ಎಂದು ಒಡೆಯುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಅದರ ರಕ್ತ, ರಸ ನಮ್ಮ ಉಗುರಿನ ಸಂದಿಗೆ, ಅಲ್ಲಿಂದ ಬೆರಳಿನ ಗೀರಿಗೆ, ಕಣ್ಣಿಗೆ ಹೋಗಬಹುದು. ದಯವಿಟ್ಟು ಆ ಅಭ್ಯಾಸ ಬಿಡಿ.

ಹಿರಿಯರು ಹೇಳಿಕೊಟ್ಟದ್ದನ್ನು ಹೀಗೆ ತಳ್ಳಿಹಾಕುತ್ತೀರಲ್ಲ ಎಂದು ನೋಯಬೇಡಿ. ಕಾಡು ಒಣಗಿದ ಮೇಲೆ ಮಕ್ಕಳನ್ನು ಅಲ್ಲಿಗೆ ಬಿಡಬೇಡಿ, ಹೊರಗಿಂದ ಬಂದವರು ಮೀಯದೆ ಒಳಗೆ ಬರಬೇಡಿ ಎಂದವರೂ ಆ ಹಿರಿಯರೇ. ಅವರ ಅರಿವಿನಲ್ಲಿ ಉಳಿಸಿಕೊಳ್ಳುವಂಥದ್ದು ಬಹಳ ಇದೆ, ಮುಂದೆ ಅದಕ್ಕೆ ಬರುತ್ತೇನೆ. ಕೆಂಡವನ್ನು ಮಾತ್ರ ಬಿಡೋಣ.

ಬಿಡಿಸುವ ಬಗೆ

ಬೇಕಾದದ್ದು ಚೂಪು ತುದಿಯ ಒಂದು ಚಿಮಟ. ಮುಳ್ಳು ತೆಗೆಯಲು ಬಳಸುತ್ತೇವಲ್ಲ, ಅದರಲ್ಲೇ ತುದಿ ಸಣ್ಣಗಿದ್ದು ಎರಡೂ ಬಾಯಿ ಸರಿಯಾಗಿ ಕೂಡುವಂಥದ್ದು. ಹುಬ್ಬಿನ ಕೂದಲು ಕೀಳುವ ಅಗಲ ತುದಿಯ ಚಿಮಟ ಸಾಲದು, ಅದು ಹೊಟ್ಟೆಯನ್ನೇ ಹಿಂಡುತ್ತದೆ. ಒಳ್ಳೆಯ ಬೆಳಕು ಬೇಕು. ಕೂಡಿದರೆ ಆ ಬೆಳಕು ಹಿಡಿದುಕೊಳ್ಳಲು ಇನ್ನೊಬ್ಬರು ಇರಲಿ.

ಚಿಮಟದ ತುದಿಯನ್ನು ಚರ್ಮಕ್ಕೆ ತಾಗುವಷ್ಟು ಕೆಳಗೆ ತನ್ನಿ. ಉಣುಗಿನ ಹೊಟ್ಟೆಯನ್ನಲ್ಲ, ಚರ್ಮದೊಳಕ್ಕೆ ಹೋಗಿರುವ ಬಾಯಿಯ ಬುಡವನ್ನು ಹಿಡಿಯಿರಿ. ಹಿಡಿದ ಮೇಲೆ ನೆಟ್ಟಗೆ ಮೇಲಕ್ಕೆ, ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಜಗ್ಗಬೇಡಿ, ತಿರುಚಬೇಡಿ, ಅತ್ತಿತ್ತ ಅಲುಗಿಸಬೇಡಿ. ಚರ್ಮ ಸ್ವಲ್ಪ ಗುಡಾರದ ಹಾಗೆ ಮೇಲೇಳುತ್ತದೆ, ಹೆದರಬೇಡಿ, ಹಾಗೆಯೇ ಹಿಡಿದಿರಿ. ಆ ಗಾರೆಯ ಹಿಡಿತ ಸಡಿಲಾಗಲು ಕೆಲವು ಸೆಕೆಂಡು ಬೇಕು. ನಾನು ಹೊಸಬರಿಗೆ ಕಲಿಸುವಾಗ ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸಿ ಎನ್ನುತ್ತಿದ್ದೆ. ಅಷ್ಟರೊಳಗೆ ಅದು ಪೂರ್ತಿಯಾಗಿ ಬಿಟ್ಟು ಬರುತ್ತದೆ. ಅಂದು ಆ ಹುಡುಗನ ಕಿವಿಯ ಹಿಂದೆ ನಾನು ಕೊಡದೆ ಹೋದದ್ದು ಆ ಹತ್ತು ಎಣಿಕೆಯನ್ನೇ.

ಬಾಯಿಯ ಚೂರು ಚರ್ಮದಲ್ಲಿ ಉಳಿದರೆ? ಚಿಮಟದ ತುದಿಗೆ ಸುಲಭವಾಗಿ ಸಿಕ್ಕರೆ ತೆಗೆಯಿರಿ. ಸಿಗದಿದ್ದರೆ ಬಿಟ್ಟುಬಿಡಿ. ಸೂಜಿ, ಬ್ಲೇಡು, ಪಿನ್ನು ಹಿಡಿದು ಕೆದಕಬೇಡಿ. ಹೊಟ್ಟೆಯಿಂದ ಬೇರೆಯಾದ ಆ ಚೂರು ಸಣ್ಣ ಮುಳ್ಳಿನ ಹಾಗೆ, ಚರ್ಮವೇ ದಿನ ಕಳೆದಂತೆ ಅದನ್ನು ಹೊರದೂಡುತ್ತದೆ. ಬಾವು, ಕೀವು ಕಂಡರೆ ಮಾತ್ರ ಆಸ್ಪತ್ರೆಗೆ ಬನ್ನಿ.

ತೆಗೆದ ಮೇಲೆ ಕಚ್ಚಿದ ಜಾಗವನ್ನೂ ನಿಮ್ಮ ಕೈಯನ್ನೂ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಮನೆಯಲ್ಲಿ ಸ್ಪಿರಿಟ್ ಇದ್ದರೆ ಆಗ ಹಚ್ಚಿ. ತೆಗೆಯುವ ಮೊದಲು ಬೇಡ ಎಂದ ಸ್ಪಿರಿಟ್ ತೆಗೆದ ಮೇಲೆ ಗಾಯಕ್ಕೆ ಒಳ್ಳೆಯದು. ಉಣುಗನ್ನು ಅಂಟುವ ಟೇಪಿನ ನಡುವೆ ಒತ್ತಿ ಮಡಚಿ ಎಸೆಯಿರಿ, ಇಲ್ಲವೇ ಮುಚ್ಚಳವಿರುವ ಸಣ್ಣ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಅದರೊಳಗೆ ಬಿಡಿ. ಅಂಗಳಕ್ಕೆ ಕೊಡವಿದರೆ ಅದು ಮತ್ತೆ ಹುಲ್ಲು ಹತ್ತುತ್ತದೆ.

ಚಿಮಟ ಇಲ್ಲದ ಕಾಡಿನ ನಡುವೆ ಕಂಡರೆ ಏನು ಮಾಡುವುದು? ಮನೆಗೆ ಹೋಗುವವರೆಗೆ ಕಾಯಬೇಡಿ. ಬೆರಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರನ್ನೋ ಬಟ್ಟೆಯನ್ನೋ ಸುತ್ತಿಕೊಂಡು, ಆದಷ್ಟು ಚರ್ಮದ ಹತ್ತಿರ ಹಿಡಿದು, ಅದೇ ರೀತಿ ನೆಟ್ಟಗೆ ಎಳೆಯಿರಿ. ಎಳೆಮರಿಗಳು ಒಮ್ಮೊಮ್ಮೆ ಹತ್ತಾರು ಒಟ್ಟಿಗೆ ಹತ್ತಿಬಿಡುತ್ತವೆ. ಇನ್ನೂ ಕಚ್ಚದೆ ಹರಿದಾಡುತ್ತಿರುವವನ್ನು ಅಂಟುವ ಟೇಪು ಒತ್ತಿ ಎತ್ತಬಹುದು.

ಒಂದು ಮಾತನ್ನು ಸೇರಿಸಬೇಕು. ಇಂದು ಮೊಬೈಲಿನಲ್ಲಿ ಬೇರೆ ದೇಶದ ಸಲಹೆಗಳೂ ಬರುತ್ತವೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಒಂದು ಜಾತಿಯ ಉಣುಗಿದೆ. ಅದು ಕಚ್ಚಿ ಕೆಲವರಿಗೆ ಜೀವಕ್ಕೇ ಕುತ್ತು ತರುವಂಥ ಅಲರ್ಜಿ ಆಗುವುದರಿಂದ ಅಲ್ಲಿನ ವೈದ್ಯರು ಅದನ್ನು ಇದ್ದಲ್ಲೇ ತಂಪು ಸ್ಪ್ರೇಯಿಂದ ಹೆಪ್ಪುಗಟ್ಟಿಸಿ ಕೊಲ್ಲಲು ಹೇಳುತ್ತಾರೆ. ಅದು ಆ ನೆಲದ ಉಣುಗಿಗೆ ಕಂಡುಕೊಂಡ ದಾರಿ. ನಮ್ಮ ಕಾಡಿನ ಉಣುಗಿಗೆ ಚಿಮಟವೇ ಸರಿ.

ಬಿಡಿಸಿದ ಮೇಲೆ

"ಡಾಕ್ಟ್ರೇ, ಉಣುಗು ಕಿತ್ತು ಹಾಕಿದೀನಿ, ಇನ್ನೇನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಾರೆ. ನಿಜ ಹೇಳಬೇಕು. ಅಮೆರಿಕದಲ್ಲಿ ಹೆಚ್ಚಾಗಿರುವ ಲೈಮ್ ಕಾಯಿಲೆಯ ರೋಗಾಣು ಉಣುಗಿನಿಂದ ನಮಗೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ವೈರಾಣುಗಳು ಹಾಗೆ ಕಾಯುವುದಿಲ್ಲ. ಮಂಗನ ಕಾಯಿಲೆಯ ವೈರಾಣುವಿನ ದಾಯಾದಿಯಾದ ಪೊವಾಸನ್ ವೈರಾಣು ಉಣುಗಿನಿಂದ ಇಲಿಗೆ ಹದಿನೈದೇ ನಿಮಿಷದಲ್ಲಿ ದಾಟಿದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ. ಆದ್ದರಿಂದ ಬೇಗ ತೆಗೆದಷ್ಟೂ ಒಳ್ಳೆಯದು, ತೆಗೆದ ಮೇಲೂ ಎಚ್ಚರ ಬೇಕು.

ಅದಕ್ಕೆ ನಾನು ಹೇಳುವ ಉಪಾಯ ಗೋಡೆಯ ಕ್ಯಾಲೆಂಡರ್. ಉಣುಗು ತೆಗೆದ ದಿನದ ಚೌಕದಲ್ಲಿ ಯಾರ ಮೈಯಿಂದ, ಎಲ್ಲಿಂದ ತೆಗೆದದ್ದು ಎಂದು ಬರೆಯಿರಿ. ಕಾಯಿಲೆ ಬರುವುದಾದರೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಏರುವ ಜ್ವರ, ಹಣೆ ಸೀಳುವಂಥ ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಬನ್ನಿ, ಬಂದು ಕ್ಯಾಲೆಂಡರಿನ ದಿನ ಹೇಳಿ. ಆ ದಿನಾಂಕದಷ್ಟು ಬೆಲೆಯ ಮಾಹಿತಿ ವೈದ್ಯರಿಗೆ ಇನ್ನೊಂದಿಲ್ಲ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವನ್ನೇ ಪತ್ತೆ ಮಾಡಬಹುದು, ತಡವಾದರೆ ಬೇರೆ ಪರೀಕ್ಷೆ ಮಾಡಬೇಕಾಗುತ್ತದೆ.

ಜ್ವರಕ್ಕೆ ಅಂಗಡಿಯಿಂದ ಸಿಕ್ಕ ಸಿಕ್ಕ ನೋವಿನ ಮಾತ್ರೆ ನುಂಗಬೇಡಿ. ಈ ಕಾಯಿಲೆಯಲ್ಲಿ ಮೂಗು, ವಸಡು, ಕರುಳಿನಿಂದ ರಕ್ತ ಹೋಗುವ ಸಾಧ್ಯತೆ ಇದೆ, ಆಸ್ಪಿರಿನ್‌ನಂಥ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್, ಧಾರಾಳ ನೀರು, ಗಂಜಿ, ವೈದ್ಯರ ಕಣ್ಣು. ವೈರಾಣುವನ್ನೇ ಕೊಲ್ಲುವ ಔಷಧಿ ಇದಕ್ಕೆ ಇಲ್ಲದ್ದರಿಂದ ಹೊತ್ತಿಗೆ ಸರಿಯಾದ ಆರೈಕೆಯೇ ಜೀವ ಉಳಿಸುವುದು. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದ ಕೆಲವರಿಗೆ ಮತ್ತೆ ಜ್ವರ ಬಂದು, ಕುತ್ತಿಗೆ ಬಿಗಿದು, ಕೈ ನಡುಗಿ, ಮಾತು ಅಸ್ತವ್ಯಸ್ತವಾಗುವುದುಂಟು. ಆಗ ಒಂದು ಗಂಟೆಯೂ ತಡ ಮಾಡಬಾರದು.

ಬಚ್ಚಲ ಹೊತ್ತು

ಈಗ ಹಿರಿಯರ ಅರಿವಿನ ಮಾತಿಗೆ ಬರುತ್ತೇನೆ. ಮಲೆನಾಡಿನ ಮನೆಗೊಂದು ಬಚ್ಚಲು, ಬಚ್ಚಲಿಗೊಂದು ಹಂಡೆ, ಹಂಡೆಯ ಕೆಳಗೆ ಒಲೆ. ಕಾಡಿಗೂ ಆಸ್ಪತ್ರೆಗೂ ನಡುವೆ ಇರುವ ಮೊದಲ ಚಿಕಿತ್ಸಾಲಯ ಅದು ಎಂದು ನಾನು ಮನಸಾರೆ ನಂಬಿದ್ದೇನೆ. ಕಾಡಿಂದ ಬಂದ ಹೊತ್ತಿಗೂ ಕತ್ತಲಾಗುವ ಹೊತ್ತಿಗೂ ನಡುವಿನ ಅರ್ಧ ಗಂಟೆಯನ್ನು ನಾವು ಆ ಬಚ್ಚಲಿಗೆ ಕೊಟ್ಟರೆ ಎಷ್ಟೋ ಜ್ವರಗಳು ಹುಟ್ಟುವ ಮೊದಲೇ ತಪ್ಪುತ್ತವೆ.

ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಕಾಲಿಗೆ ಉದ್ದನೆಯ ಬೂಟು ಇರಲಿ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ತಯಾರಾದ ಔಷಧಿ ಅದು, ಉಣುಗು ಹತ್ತಿರ ಬರದಂತೆ ಕೆಲವು ಗಂಟೆ ಕಾಯುತ್ತದೆ, ದಿನವಿಡೀ ಅಲ್ಲ. ಮರಳಿ ಬಂದ ಮೇಲೆ ನೇರವಾಗಿ ಬಚ್ಚಲಿಗೆ ಹೋಗಿ. ತೊಟ್ಟ ಬಟ್ಟೆಯನ್ನು ಮಂಚದ ಮೇಲೋ ಗಳುವಿನ ಮೇಲೋ ಹಾಕದೆ ಕುದಿಯುವ ನೀರಿಗೆ ಅದ್ದಿ. ಬಿಸಿನೀರಿನಲ್ಲಿ ಸೋಪು ಹಚ್ಚಿ ಉಜ್ಜಿ ಮೀಯಿರಿ, ಕಚ್ಚಲು ಜಾಗ ಹುಡುಕುತ್ತಿರುವ ಉಣುಗುಗಳು ಆಗಲೇ ಹೋಗುತ್ತವೆ.

ಮಿಂದ ಮೇಲೆ ದೀಪದ ಬೆಳಕಿನಲ್ಲಿ ಮೈ ನೋಡಿಕೊಳ್ಳಿ. ಕಣ್ಣಿಗಿಂತ ಬೆರಳು ಚೆನ್ನಾಗಿ ಹುಡುಕುತ್ತದೆ, ಸವರಿದಾಗ ಸಣ್ಣ ಗಂಟಿನ ಹಾಗೆ ತಡೆಯುತ್ತದೆ. ಕಿವಿಯ ಹಿಂದೆ, ತಲೆಗೂದಲಿನ ಬುಡ, ಕಂಕುಳು, ಹೊಕ್ಕುಳು, ಸೀರೆ ನೆರಿಗೆಯೋ ಲುಂಗಿಯ ಕಟ್ಟೋ ಬಿಗಿದ ಸೊಂಟ, ತೊಡೆಯ ಸಂದಿ, ಮಂಡಿಯ ಹಿಂದೆ. ಬೆನ್ನನ್ನು ಇನ್ನೊಬ್ಬರೇ ನೋಡಬೇಕು. ಗಂಡ ಹೆಂಡತಿಯ ಬೆನ್ನು, ಸೊಸೆ ಅತ್ತೆಯ ಬೆನ್ನು, ಅಕ್ಕ ತಂಗಿಯ ಬೆನ್ನು. ಮಕ್ಕಳನ್ನಂತೂ ದಿನವೂ ತಪ್ಪದೆ ನೋಡಿ. ನಾಯಿಯನ್ನೂ ನೋಡಿ. ದನದ ಮೈಯ ಉಣುಗಿಗೆ ಪಶುವೈದ್ಯರು ಹೇಳಿದ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲೇ ಹಚ್ಚಿ, ಏಕೆಂದರೆ ಬೆಳೆದ ಉಣುಗು ರಕ್ತ ಕುಡಿದು ಸಾವಿರಾರು ಮೊಟ್ಟೆ ಇಡಲು ಇಳಿಯುವುದು ಆ ದನ ಮೇಯುವ ಕಾಡಿನ ಅಂಚಿನಲ್ಲೇ.

ಲಸಿಕೆ ಇಲ್ಲವೇ ಎಂದು ಕೇಳುತ್ತೀರಿ. 1990ರಿಂದ ನಮ್ಮಲ್ಲಿ ಹಾಕುತ್ತಿದ್ದ ಲಸಿಕೆ ಒಂದಿತ್ತು. 2005ರಿಂದ 2010ರವರೆಗಿನ ಅನುಭವ ಲೆಕ್ಕ ಹಾಕಿದಾಗ ಎರಡು ಡೋಸಿಗೆ ಶೇ. 62, ಮೂರು ಡೋಸಿಗೆ ಶೇ. 83 ರಕ್ಷಣೆ ಕಂಡಿತು. ಅಂದರೆ ಎಲ್ಲ ಡೋಸು ತಪ್ಪದೆ ತೆಗೆದುಕೊಂಡವರಿಗೂ ಪೂರ್ತಿ ಭರವಸೆ ಇರಲಿಲ್ಲ. ಆ ಲಸಿಕೆ ಈಗ ನಿಂತಿದೆ, ಹೊಸದಕ್ಕಾಗಿ ಕೆಲಸ ನಡೆದಿದೆ. ಅದು ಬೇಗ ಬರಲಿ, ನಮ್ಮ ಹಳ್ಳಿಗಳಿಗೆ ಮೊದಲು ಬರಲಿ. ಬಂದ ಮೇಲೂ ಬಚ್ಚಲ ಹೊತ್ತನ್ನು ಬಿಡಬಾರದು.

ದರಕು ಯಾರ ತಲೆಯ ಮೇಲಿದೆ

ಮುಗಿಸುವ ಮೊದಲು ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತೊಂದನ್ನು ಆಡಬೇಕು. ಮರಿ ಉಣುಗುಗಳು ತುಂಬುವ ತಿಂಗಳುಗಳೂ ನಾವು ಕಾಡಿಗೆ ಹೆಚ್ಚು ಹೋಗುವ ತಿಂಗಳುಗಳೂ ಒಂದೇ. ದನದ ಕೊಟ್ಟಿಗೆಗೆ, ಅಡಿಕೆ ತೋಟದ ಗೊಬ್ಬರಕ್ಕೆ ದರಕು, ಅಂದರೆ ತರಗೆಲೆ, ಗುಡಿಸುವುದು, ಸೌದೆ ತರುವುದು ಆಗಲೇ. ಗುಡಿಸುವವರು ಹೆಚ್ಚಿನಂಶ ಹೆಂಗಸರು. ಕುಕ್ಕರಗಾಲಿನಲ್ಲಿ ಕುಳಿತು ಬರಿಗೈಯಲ್ಲಿ ದರಕು ಬಾಚಿ, ಹೆಡಿಗೆಗೆ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಉಣುಗು ಕಾಲಿನಿಂದ ಹತ್ತಿ ಬರುವ ಕಷ್ಟವನ್ನೂ ತೆಗೆದುಕೊಳ್ಳಬೇಕಿಲ್ಲ, ನೇರ ತಲೆಗೂದಲಿಗೇ ಇಳಿಯುತ್ತದೆ.

ಕೊಲಂಬಿಯಾದಿಂದ ಬಂದು ಸಾಗರದ ಸುತ್ತಮುತ್ತ ಈ ಕಾಯಿಲೆಯನ್ನು ಅಧ್ಯಯನ ಮಾಡಿದ ಹೋರ್ಹೆ ಬೋಶೆಲ್ 1969ರಲ್ಲೇ ಬರೆದಿದ್ದರು: ಕಾಡು ಕಡಿದು ತುಂಡಾದ ಅಂಚುಗಳಲ್ಲಿ, ಅಲ್ಲಿ ಮೇಯುವ ದನಗಳಿಂದ ಉಣುಗು ಹೆಚ್ಚಿ, ಕಾಡಿನೊಳಗೇ ಇದ್ದ ವೈರಾಣು ಹೊರಗೆ ಬಂತು ಎಂಬ ಅರ್ಥದಲ್ಲಿ. ಕಾಡನ್ನು ತುಂಡು ಮಾಡುವ ತೀರ್ಮಾನಗಳು ದೂರದ ಕಚೇರಿಗಳಲ್ಲಿ ಆಗುತ್ತವೆ. ಅದರ ಜ್ವರ ಮಾತ್ರ ದರಕಿನ ಹೆಡಿಗೆ ಹೊತ್ತವರ ಮೈಗೆ ಬರುತ್ತದೆ. ಆ ಹೆಂಗಸು ಸಂಜೆ ಮನೆಗೆ ಬಂದ ಕೂಡಲೇ ಒಲೆ ಹಚ್ಚುತ್ತಾಳೆ, ದನ ಕಟ್ಟುತ್ತಾಳೆ, ಎಲ್ಲರೂ ಮಿಂದು ಉಂಡ ಮೇಲೆ ಹಂಡೆಯಲ್ಲಿ ಉಳಿದ ಉಗುರುಬೆಚ್ಚನೆಯ ನೀರಿನಲ್ಲಿ ಕೊನೆಗೆ ಮೀಯುತ್ತಾಳೆ. ಅಷ್ಟರಲ್ಲಿ ಉಣುಗು ಕಚ್ಚಿ ಗಂಟೆಗಳಾಗಿರುತ್ತವೆ. ಅವಳ ಬೆನ್ನು ನೋಡುವವರು ಯಾರೂ ಇರುವುದಿಲ್ಲ.

ಕೂಲಿಗೆ ದರಕು ಗುಡಿಸುವವರನ್ನು ಕರೆಯುವ ತೋಟದ ಯಜಮಾನರಲ್ಲಿ ನನ್ನ ಕೋರಿಕೆ: ಬೆಳಿಗ್ಗೆ ಚಹಾ ಕೊಡುವಂತೆಯೇ ಡೆಪಾ ಎಣ್ಣೆಯನ್ನೂ ಕೈಗೆ ಕೊಡಿ. ಕಾಲಿಗೆ ಬೂಟು, ಕೈಗೆ ಗ್ಲೌಸು ಕೊಡಿ. ಸಂಜೆ ಅರ್ಧ ಗಂಟೆ ಮೊದಲೇ ಬಿಡಿ, ಆ ಅರ್ಧ ಗಂಟೆಗೂ ಕೂಲಿ ಕೊಡಿ. ಮನೆಯ ಗಂಡಸರಲ್ಲಿ ಕೋರಿಕೆ: ಬೇಸಿಗೆಯ ಈ ತಿಂಗಳುಗಳಲ್ಲಿ ಹಂಡೆಯ ಮೊದಲ ಬಿಸಿನೀರು ದರಕು ತಂದವರಿಗೆ ಸೇರಲಿ. ಒಲೆಯನ್ನು ನೀವು ಹಚ್ಚಿ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಬುಟ್ಟಿ ಇದೆ. ಹಾರ, ಫಲತಾಂಬೂಲಕ್ಕೆ ಇಟ್ಟ ಹಣದಲ್ಲಿ ಈ ಸಲ ಚೂಪು ತುದಿಯ ಚಿಮಟಗಳನ್ನು ತರಿಸಿ ಎಂದು ದತ್ತಿಯವರನ್ನು ಕೇಳಿಕೊಂಡಿದ್ದೆ, ಸಂತೋಷದಿಂದ ಒಪ್ಪಿದರು. ಮನೆಗೊಂದು ತೆಗೆದುಕೊಂಡು ಹೋಗಿ. ಬಚ್ಚಲ ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿ, ಹುಡುಕುವಂತಾಗಬಾರದು. ಆಶಾ ಕಾರ್ಯಕರ್ತೆಯರು ಬುಟ್ಟಿಯ ಪಕ್ಕದಲ್ಲೇ ನಿಂತಿರುತ್ತಾರೆ, ಹಿಡಿಯುವ ಬಗೆಯನ್ನು ಕೈಯಾರೆ ತೋರಿಸುತ್ತಾರೆ.

ಹೊರಗೆ ಬಿಸಿಲು ಇಳಿಯುತ್ತಿದೆ. ನಿಮ್ಮಲ್ಲಿ ಹಲವರು ಇವತ್ತು ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಬಂದವರೇ. ಮನೆಗೆ ಹೋಗಿ ಹಂಡೆಗೆ ಬೆಂಕಿ ಹಾಕಿ, ಒಬ್ಬರ ಬೆನ್ನನ್ನು ಒಬ್ಬರು ನೋಡಿ.